ಅಕ್ಕಿಕಾಳಿನಷ್ಟು ಸೆನ್ಸರು, ನಾನೂರು ವರ್ಷದ ಕಥೆ



ಏಪ್ರಿಲ್ ಕಾಲಿಟ್ಟಿತೆಂದರೆ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನುಗಳ ಧಾಟಿಯೇ ಬದಲಾಗುತ್ತದೆ. ಹಾಡು ಕೇಳಲೆಂದು ಫೋನ್ ಮಾಡಿದವರು ಹಾಡಿಗಿಂತ ಮೊದಲು ಸೆಕೆಯ ಮಾತು ಎತ್ತುತ್ತಾರೆ. ಮುಂಬಯಿಯ ಡೊಂಬಿವಲಿಯಾಗಲಿ, ಚೆನ್ನೈನ ಟಿ. ನಗರವಾಗಲಿ, ದೂರು ಒಂದೇ. ಎ.ಸಿ. ಓಡುತ್ತದೆ, ಕೋಣೆ ತಣ್ಣಗಾಗುವುದಿಲ್ಲ. ಮೆಕ್ಯಾನಿಕ್ ಬರುತ್ತಾನೆ, ಮುಚ್ಚಳ ಬಿಚ್ಚುತ್ತಾನೆ, ಮೂಗಿನ ಮೇಲೆ ಬೆರಳಿಟ್ಟು ಒಂದು ನಿಮಿಷ ಯೋಚಿಸುತ್ತಾನೆ. ಆಮೇಲೆ ಎರಡು ಮಾತಿನಲ್ಲಿ ಒಂದನ್ನು ಹೇಳುತ್ತಾನೆ. ಒಂದು, ‘ಗ್ಯಾಸ್ ಖಾಲಿ.’ ಇನ್ನೊಂದು, ‘ಸೆನ್ಸರ್ ಗಯಾ, ಸಾಬ್.’

ಮೊದಲನೆಯ ಮಾತಿಗೆ ಸಾವಿರಾರು ರೂಪಾಯಿ. ಎರಡನೆಯದಕ್ಕೆ ಅಷ್ಟಿಲ್ಲ. ಹಾಗಾಗಿ ಮೊದಲನೆಯ ಮಾತೇ ಹೆಚ್ಚು ಕೇಳಿಬರುತ್ತದೆ ಎಂದು ನಾನು ಹೇಳಿದರೆ, ಪ್ರಾಮಾಣಿಕವಾಗಿ ದುಡಿಯುವ ಮೆಕ್ಯಾನಿಕ್‌ಗಳು ಬೇಸರ ಮಾಡಿಕೊಳ್ಳಬಾರದು.

ಈ ಸೆನ್ಸರ್ ನೋಡಲು ಏನೇನೂ ಅಲ್ಲ. ಎರಡು ತೆಳು ತಂತಿ, ತುದಿಯಲ್ಲಿ ಅಕ್ಕಿಕಾಳಿನಷ್ಟು ಕಪ್ಪು ಹನಿ. ಇಲ್ಲವೇ ಆ ಹನಿಯನ್ನು ಒಳಗಿಟ್ಟುಕೊಂಡ ಪುಟ್ಟ ತಾಮ್ರದ ಟೋಪಿ. ಇಷ್ಟೇ. ಆದರೆ ಕೋಣೆ ಬಿಸಿಯಾಗಿದೆಯೋ ತಂಪಾಗಿದೆಯೋ ಎಂದು ಯಂತ್ರಕ್ಕೆ ಹೇಳುವುದು ಇದೊಂದೇ. ಇದು ಸುಳ್ಳು ಹೇಳಿದರೆ ನಲವತ್ತು ಸಾವಿರದ ಯಂತ್ರ ಕುರಿಯಂತೆ ಅದನ್ನೇ ನಂಬುತ್ತದೆ. ಇದು ಹುಟ್ಟಿ ಬಂದ ದಾರಿ ನೋಡಿದರೆ ರಾಜರು, ಮೇಷ್ಟ್ರು, ಕೋಳಿಮೊಟ್ಟೆ, ಹೆಣ, ಹಿಮದ ಹಡಗು ಎಲ್ಲವೂ ಎದುರಾಗುತ್ತವೆ. ನಮ್ಮ ಕೊಡೈಕೆನಾಲಿನ ಕಾರ್ಮಿಕರೂ ಸಿಗುತ್ತಾರೆ. ಬನ್ನಿ, ಮೊದಲಿನಿಂದ ಹೋಗೋಣ.

ಯಂತ್ರ ಬರುವುದಕ್ಕೆ ಮುಂಚೆ ಸೆನ್ಸರ್ ಆಗಿದ್ದವನು ಮನುಷ್ಯನೇ. ಉತ್ತರ ಭಾರತದ ಸಾಹೇಬರ ಬಂಗಲೆಗಳಲ್ಲಿ ಬೇಸಿಗೆಗೆ ಬಾಗಿಲು ಕಿಟಕಿಗಳಿಗೆ ಲಾವಂಚದ ತಟ್ಟಿ ಕಟ್ಟುತ್ತಿದ್ದರು. ಹೊರಗೊಬ್ಬ ಆಳು ಅದಕ್ಕೆ ನೀರು ಎರಚುತ್ತ ನಿಂತಿರಬೇಕು. ಒಳಗೆ ಪಂಖಾ, ಅದರ ಹಗ್ಗ ಎಳೆಯಲು ಇನ್ನೊಬ್ಬ. ತಟ್ಟಿ ಒಣಗಿತೆಂದು ತಿಳಿಯಬೇಕಾದವನು ಬಿಸಿಲಲ್ಲಿ ನಿಂತವನು. ಸೆಕೆಯಾಯಿತೆಂದು ಗದರುವವರು ಒಳಗೆ ಮಲಗಿದವರು. ಶಾಖ ಅಳೆಯುವುದು, ಅದಕ್ಕೆ ತಕ್ಕಂತೆ ಕೆಲಸ ಮಾಡುವುದು, ಮತ್ತೆ ಅಳೆಯುವುದು: ಇಂದು ಎ.ಸಿ.ಯೊಳಗಿನ ಸರ್ಕ್ಯೂಟ್ ಮಾಡುವ ಕೆಲಸವನ್ನೇ ಆ ಇಬ್ಬರು ಬೆವರು ಸುರಿಸಿ ಮಾಡುತ್ತಿದ್ದರು.

ಈ ಕೆಲಸವನ್ನು ವಸ್ತುವಿನ ಕೈಯಲ್ಲಿ ಮಾಡಿಸಬಹುದೆಂದು ಮೊದಲು ತೋರಿಸಿದವರಲ್ಲಿ ಪ್ರಸಿದ್ಧನಾದವನು ಕಾರ್ನೆಲಿಸ್ ಡ್ರೆಬೆಲ್. 1572ರಲ್ಲಿ ಹಾಲೆಂಡಿನ ಆಲ್ಕ್‌ಮಾರ್‌ನಲ್ಲಿ ಹುಟ್ಟಿದ ಈತ ಇಂಗ್ಲೆಂಡಿನ ರಾಜ ಒಂದನೇ ಜೇಮ್ಸ್‌ನ ಆಶ್ರಯದಲ್ಲಿದ್ದ. ಥೇಮ್ಸ್ ನದಿಯಲ್ಲಿ ನೀರೊಳಗೆ ದೋಣಿ ನಡೆಸಿ ಲಂಡನ್ನಿನ ಜನರನ್ನು ಬೆರಗುಗೊಳಿಸಿದವನೂ ಇವನೇ. ಅದು 1620ರ ಸುಮಾರಿನ ಮಾತು. ಅದೇ ಕಾಲದಲ್ಲಿ ಅವನು ಒಂದು ಕುಲುಮೆ ಮಾಡಿದ. ಅದು ತನ್ನ ಶಾಖವನ್ನು ತಾನೇ ಹಿಡಿತದಲ್ಲಿಡುತ್ತಿತ್ತು. ಕೋಳಿಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೂ ಇದೇ ಉಪಾಯ.

ಉಪಾಯ ಸರಳ. ಪೆಟ್ಟಿಗೆಯೊಳಗೆ ಮದ್ಯಸಾರ ತುಂಬಿದ ಗಾಜಿನ ಬುರುಡೆ. ಬಿಸಿಯಾದರೆ ಮದ್ಯಸಾರ ಹಿಗ್ಗಿ ಕೊಳವೆಯಲ್ಲಿದ್ದ ಪಾದರಸವನ್ನು ಮೇಲೆ ತಳ್ಳುತ್ತದೆ. ಪಾದರಸದ ಮೇಲೆ ತೇಲುವ ಕಡ್ಡಿ ಮೇಲೇರಿ, ಬೆಂಕಿಗೆ ಗಾಳಿ ಹೋಗುವ ಬಾಯಿಯನ್ನು ಮುಚ್ಚುತ್ತದೆ. ಗಾಳಿಯಿಲ್ಲದೆ ಬೆಂಕಿ ಮಂಕಾಗುತ್ತದೆ. ತಣ್ಣಗಾದರೆ ಎಲ್ಲವೂ ಹಿಂದುಮುಂದು. ಕಾವು ಕೂತ ಹೇಂಟೆ ತಿಳಿದು ಮಾಡುವುದನ್ನು ಗಾಜು, ಮದ್ಯ, ಪಾದರಸ ತಿಳಿಯದೆಯೇ ಮಾಡಿದವು. ಇಷ್ಟು ಬುದ್ಧಿವಂತ ಕೊನೆಗಾಲದಲ್ಲಿ ಲಂಡನ್ನಿನಲ್ಲಿ ಹೆಂಡದಂಗಡಿ ನಡೆಸಿ ಹೊಟ್ಟೆ ಹೊರೆದು 1633ರಲ್ಲಿ ತೀರಿಕೊಂಡ. ಪಾದರಸದ ಹೆಸರು ನೆನಪಿಟ್ಟುಕೊಳ್ಳಿ. ಅದು ಮತ್ತೆ ಬರುತ್ತದೆ.

ಮುಂದಿನ ದೊಡ್ಡ ಹೆಜ್ಜೆ ಬಂದಿದ್ದು ಗಡಿಯಾರದಿಂದ. ಸಮುದ್ರದಲ್ಲಿ ಹಡಗು ಎಲ್ಲಿದೆ ಎಂದು ತಿಳಿಯಲು ಕರಾರುವಾಕ್ಕಾದ ಗಡಿಯಾರ ಬೇಕಿತ್ತು. ಸೆಕೆಗೆ ಲೋಹ ಹಿಗ್ಗಿ ಗಡಿಯಾರ ತಪ್ಪುತ್ತಿತ್ತು. ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಮೂಲತಃ ಬಡಗಿ. ತನ್ನ ಮೂರನೇ ಸಮುದ್ರ ಗಡಿಯಾರಕ್ಕಾಗಿ ಹಿತ್ತಾಳೆ ಮತ್ತು ಉಕ್ಕಿನ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ರಿವೆಟ್ ಹೊಡೆದ. ಒಂದೇ ಶಾಖಕ್ಕೆ ಹಿತ್ತಾಳೆ ಉಕ್ಕಿಗಿಂತ ಹೆಚ್ಚುಕಡಿಮೆ ಒಂದೂವರೆಪಟ್ಟು ಹಿಗ್ಗುತ್ತದೆ. ಇಬ್ಬರನ್ನೂ ಒಂದೇ ಹಗ್ಗಕ್ಕೆ ಕಟ್ಟಿದಂತಾಗಿ ಜೋಡಿಪಟ್ಟಿ ಉಕ್ಕಿನ ಕಡೆಗೆ ಬಾಗುತ್ತದೆ. ತಣ್ಣಗಾದರೆ ನೆಟ್ಟಗಾಗುತ್ತದೆ. 1750ರ ದಶಕದ ಈ ಪಟ್ಟಿ ನಿಮ್ಮ ಮನೆಯಲ್ಲೂ ಇರಬಹುದು. ಇಸ್ತ್ರಿಪೆಟ್ಟಿಗೆಯಿಂದ ಆಗಾಗ ‘ಟಿಕ್’ ಎಂಬ ಸದ್ದು ಬಂದು ಕೆಂಪು ದೀಪ ಆರುತ್ತದಲ್ಲ, ಅದು ಈ ಪಟ್ಟಿ ಬಾಗಿ ವಿದ್ಯುತ್ ಸಂಪರ್ಕ ಬಿಡಿಸಿದ ಸದ್ದು.

ಈ ಪಟ್ಟಿಯನ್ನು ಕಟ್ಟಡದ ಶಾಖ ಹಿಡಿತದಲ್ಲಿಡಲು ಬಳಸಿ, ‘ಥರ್ಮೋಸ್ಟಾಟ್’ ಎಂದು ಹೆಸರಿಟ್ಟು 1830ರಲ್ಲಿ ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್. ವಿಚಿತ್ರ ಮನುಷ್ಯ. 1818ರಲ್ಲಿ ಗ್ಲಾಸ್ಗೋದಲ್ಲಿ ಗಲ್ಲಿಗೇರಿದ ಮ್ಯಾಥ್ಯೂ ಕ್ಲೈಡ್ಸ್‌ಡೇಲ್ ಎಂಬ ಕೊಲೆಗಾರನ ಹೆಣಕ್ಕೆ ಜನರೆದುರೇ ವಿದ್ಯುತ್ ಹರಿಸಿ ಕೈಕಾಲು ಆಡಿಸಿ ತೋರಿಸಿದವನು. ಆಮೇಲೆ ಈತನ ಒಲವು ಹರಿದಿದ್ದು ಕಾರ್ಖಾನೆಗಳತ್ತ. ಹತ್ತಿ ಗಿರಣಿಗಳಲ್ಲಿ ಶಾಖ ಸಮನಾಗಿರಬೇಕು, ನೂಲು ತುಂಡಾಗಬಾರದು. 1835ರಲ್ಲಿ ಬರೆದ ಪುಸ್ತಕದಲ್ಲಿ ಅವನು ಗಿರಣಿ ವ್ಯವಸ್ಥೆಯನ್ನು ಹಾಡಿಹೊಗಳಿದ. ಯಂತ್ರ ಬಂದರೆ ಹಟಮಾರಿ ಕೆಲಸಗಾರರು ದಾರಿಗೆ ಬರುತ್ತಾರೆ ಎಂಬ ಧಾಟಿ ಅವನದು. ಕಾರ್ಲ್ ಮಾರ್ಕ್ಸ್ ಈ ಪುಸ್ತಕವನ್ನು ಹಿಡಿದು ಜಾಡಿಸಿದ್ದಾನೆ. ನಾವು ಮನೆಯ ಸುಖದ ವಸ್ತು ಎಂದುಕೊಂಡಿರುವ ಥರ್ಮೋಸ್ಟಾಟಿಗೆ ಹೆಸರು ಬಂದಾಗ ಮುಂದಿದ್ದಿದ್ದು ಮನುಷ್ಯರಲ್ಲ, ನೂಲು.

ಇನ್ನು 1833. ಈ ವರ್ಷ ನನಗೆ ಬಹಳ ಇಷ್ಟ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಬೆಳ್ಳಿಯ ಸಲ್ಫೈಡನ್ನು ಕಾಯಿಸುತ್ತ ಕುಳಿತಿದ್ದರು. ಸಾಮಾನ್ಯವಾಗಿ ಲೋಹ ಬಿಸಿಯಾದರೆ ವಿದ್ಯುತ್ತು ಹರಿಯುವುದು ಕಷ್ಟವಾಗುತ್ತದೆ. ಇದು ತದ್ವಿರುದ್ಧ. ಬಿಸಿಯಾದಷ್ಟೂ ವಿದ್ಯುತ್ತು ಸರಾಗ. ಫ್ಯಾರಡೆ ಅದನ್ನು ಬರೆದಿಟ್ಟರು. ಯಾರಿಗೂ ತಕ್ಷಣಕ್ಕೆ ಅದು ಬೇಕಾಗಿರಲಿಲ್ಲ. ನಿಮ್ಮ ಎ.ಸಿ.ಯ ಅಕ್ಕಿಕಾಳಿನ ಮುತ್ತಜ್ಜ ಅದೇ.

ಅದೇ 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ‘ಟಸ್ಕನಿ’ ಎಂಬ ಹಡಗು ಕೆರೆಯ ಮಂಜುಗಡ್ಡೆ ತುಂಬಿಕೊಂಡು ಕಲ್ಕತ್ತೆಗೆ ಬಂತು. ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿಯ ಸಾಹಸ. ಸುಮಾರು 180 ಟನ್ ಹೊರಟಿತ್ತು. ನಾಲ್ಕು ತಿಂಗಳ ಕಡಲಯಾನದಲ್ಲಿ ಕರಗಿ ಉಳಿದದ್ದು ಸುಮಾರು 100 ಟನ್. ಅಷ್ಟು ಉಳಿದದ್ದೇ ಪವಾಡ ಅನ್ನಿ. ಮದರಾಸಿನಲ್ಲಿ ಈ ಹಿಮ ಇಡಲೆಂದೇ 1842ರಲ್ಲಿ ಕಡಲದಂಡೆಯಲ್ಲಿ ಕಟ್ಟಡ ಎದ್ದಿತು. ಚೆನ್ನೈ ಕೇಳುಗರೇ, ಮರೀನಾ ಎದುರಿನ ಐಸ್ ಹೌಸ್ ಅದೇ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರಿಂದ ಈಗ ಅದು ವಿವೇಕಾನಂದರ್ ಇಲ್ಲಂ. ಮುಂದಿನ ಸಲ ಬಸ್ಸಿನಲ್ಲಿ ಆ ಕಡೆ ಹೋದಾಗ, ಒಂದು ಕಾಲದಲ್ಲಿ ಬಾಸ್ಟನ್ನಿನ ಕೆರೆ ಅಲ್ಲಿ ಹುಲ್ಲು-ಹೊಟ್ಟಿನ ನಡುವೆ ಮಲಗಿತ್ತು ಎಂದು ನೆನೆಸಿಕೊಳ್ಳಿ.

ಈಗ ಶಾಲೆಗೆ ಹೋಗೋಣ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆ. ಅಲ್ಲಿ ವಾರೆನ್ ಜಾನ್ಸನ್ ಎಂಬ ವಿಜ್ಞಾನದ ಮೇಷ್ಟ್ರು. ಆ ಸೀಮೆಯ ಚಳಿ ನಮ್ಮ ಚಳಿಯಲ್ಲ. ಶಾಲೆಯ ನೆಲಮಾಳಿಗೆಯಲ್ಲಿ ಬೆಂಕಿ ಉರಿಸಿ ಬಿಸಿಗಾಳಿಯನ್ನು ಕೋಣೆಗಳಿಗೆ ಬಿಡುತ್ತಿದ್ದರು. ಯಾವ ಕೋಣೆಗೆ ಎಷ್ಟು ಬೇಕೆಂದು ತಿಳಿಯುವುದು ಹೇಗೆ? ಶಾಲೆಯ ಜವಾನ ಹೊತ್ತುಹೊತ್ತಿಗೆ ಪಾಠದ ನಡುವೆಯೇ ಬಾಗಿಲು ತೆರೆದು ಒಳಗೆ ಬರಬೇಕು, ಗೋಡೆಯ ಥರ್ಮಾಮೀಟರ್ ನೋಡಬೇಕು, ಮತ್ತೆ ಕೆಳಗಿಳಿದು ಗಾಳಿಬಾಯಿಗಳನ್ನು ಹೆಚ್ಚುಕಡಿಮೆ ಮಾಡಬೇಕು. ಮಕ್ಕಳ ಗಮನ ಕೆಡುತ್ತದೆ. ಜವಾನನ ಮಂಡಿ ಸವೆಯುತ್ತದೆ. ಅಷ್ಟರಲ್ಲಿ ಒಂದು ಕೋಣೆ ಕೆಂಡ, ಇನ್ನೊಂದು ಮಂಜು.

ಜಾನ್ಸನ್ ಮೇಷ್ಟ್ರು ಕೋಣೆಯ ಗೋಡೆಗೆ ವಿದ್ಯುತ್ ಉಪಕರಣವೊಂದನ್ನು ಹಾಕಿದರು. ಕೋಣೆಯ ಶಾಖ ಹದ ತಪ್ಪಿದರೆ ಕೆಳಗೆ ಬೆಂಕಿಯ ಕೋಣೆಯಲ್ಲಿ ಗಂಟೆ ಹೊಡೆಯುತ್ತದೆ. ಜವಾನ ಅಲ್ಲಿಂದಲೇ ಸರಿಪಡಿಸಬಹುದು. 1883ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. 1885ರಲ್ಲಿ ಮಿಲ್ವಾಕಿ ನಗರದಲ್ಲಿ ಕಂಪನಿ ಶುರುವಾಯಿತು. ಇಂದು ದೊಡ್ಡ ದೊಡ್ಡ ಕಟ್ಟಡಗಳ ಮೇಲೆ ಹೆಸರು ಕಾಣುವ ಜಾನ್ಸನ್ ಕಂಟ್ರೋಲ್ಸ್‌ನ ಮೂಲ ಅದು. ಆಮೇಲಾಮೇಲೆ ಗಂಟೆ ಹೊಡೆಯುವುದೂ ಬೇಡವಾಯಿತು. ಒತ್ತಡದ ಗಾಳಿಯಿಂದ ಬಾಗಿಲುಗಳು ತಾವೇ ತೆರೆದು ಮುಚ್ಚುವ ವ್ಯವಸ್ಥೆಗೆ 1895ರಲ್ಲಿ ಇನ್ನೊಂದು ಪೇಟೆಂಟ್. ಅಂದ ಹಾಗೆ, ಈ ಮೇಷ್ಟ್ರು ನಿಸ್ತಂತು ತಂತಿಯ ಪ್ರಯೋಗಗಳಲ್ಲೂ ಕೈಯಾಡಿಸಿದ್ದರು. ಆ ಲೆಕ್ಕದಲ್ಲಿ ನಮ್ಮ ರೇಡಿಯೋ ಮಂದಿಗೆ ದೂರದ ನೆಂಟರು.

ನನಗೆ ಆ ಜವಾನನದೇ ಚಿಂತೆ. ಗಂಟೆ ಬಂದಾಗ ಅವನಿಗೆ ಮೆಟ್ಟಿಲು ಹತ್ತುವುದು ತಪ್ಪಿತು, ಖುಷಿಯಾಗಿರಬೇಕು. ಗಂಟೆಯೂ ಹೋದಾಗ ಅವನ ಕೆಲಸವೇನು ಉಳಿಯಿತು? ಪೇಟೆಂಟ್ ಕಾಗದಗಳಲ್ಲಿ ಅವನ ಹೆಸರಿಲ್ಲ.

ಅದೇ 1885ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಆಲ್ಬರ್ಟ್ ಬಟ್ಜ್ ಎಂಬಾತ ಮನೆಯ ಕಲ್ಲಿದ್ದಲ ಒಲೆಗೆ ಇಂಥದೇ ವ್ಯವಸ್ಥೆ ಮಾಡಿದ. ಕೋಣೆ ತಣ್ಣಗಾದರೆ ಮೋಟಾರ್ ತಿರುಗಿ ಸರಪಳಿ ಎಳೆದು ಒಲೆಯ ಗಾಳಿಬಾಯಿ ಎತ್ತುತ್ತದೆ. ಬಟ್ಜ್ ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದವನು. ಕೆಲವೇ ವರ್ಷಗಳಲ್ಲಿ ಹಕ್ಕುಗಳು ಅವನ ಕೈತಪ್ಪಿ ಬೇರೆಯವರ ಪಾಲಾದವು. ಕೈಬದಲಾಗುತ್ತ ಬಂದ ಆ ಕಂಪನಿ 1927ರಲ್ಲಿ ಮಾರ್ಕ್ ಹನಿವೆಲ್ ಎಂಬವರ ಕಂಪನಿಯೊಂದಿಗೆ ಸೇರಿತು. ಹನಿವೆಲ್ ಎಂದರೆ ಕನ್ನಡದಲ್ಲಿ ಜೇನುಬಾವಿ ಎಂದಾಗುತ್ತದೆ, ಆದರೆ ಅದು ಮನೆತನದ ಹೆಸರು. ಬಟ್ಜ್‌ನ ಹೆಸರು ಇಂದು ಯಾವ ಪೆಟ್ಟಿಗೆಯ ಮೇಲೂ ಇಲ್ಲ.

ಇಷ್ಟೂ ಕಾವಿನ ಕಥೆ. ತಂಪಿನ ಕಥೆಗೆ ಬಂದರೆ ಎಲ್ಲರೂ ಹೇಳುವ ಹೆಸರು ವಿಲಿಸ್ ಕ್ಯಾರಿಯರ್. 1902ರಲ್ಲಿ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣ ಅತ್ತಿತ್ತ ಆಗುತ್ತಿತ್ತು. ಅದನ್ನು ಸರಿಪಡಿಸಲು ಹೊರಟು ಆತ ಹವಾನಿಯಂತ್ರಣಕ್ಕೆ ಅಡಿಪಾಯ ಹಾಕಿದ. ‘ಏರ್ ಕಂಡೀಷನಿಂಗ್’ ಎಂಬ ಮಾತನ್ನು ಕೊಟ್ಟವನು ಸ್ಟುವರ್ಟ್ ಕ್ರೇಮರ್, 1906ರಲ್ಲಿ. ಅವನದೂ ಹತ್ತಿ ಗಿರಣಿಯ ವ್ಯವಹಾರ. ನೋಡಿ, ಇಲ್ಲೂ ಮೊದಲು ತಂಪಾದದ್ದು ಕಾಗದ ಮತ್ತು ನೂಲು. ಮನುಷ್ಯರ ಸರದಿ ಆಮೇಲೆ.

ನಮ್ಮ ಮುಂಬಯಿಗೆ ಆ ಸರದಿ 1930ರ ದಶಕದಲ್ಲಿ ಬಂತು. 1933ರಲ್ಲಿ ಕೊಲಾಬಾದ ರೀಗಲ್ ಚಿತ್ರಮಂದಿರ ಹವಾನಿಯಂತ್ರಣದೊಂದಿಗೆ ಬಾಗಿಲು ತೆರೆಯಿತು. ಮರುವರ್ಷ ಫ್ರಾಂಟಿಯರ್ ಮೇಲ್ ರೈಲಿನ ಸರದಿ. ಮುಂಬಯಿಯಿಂದ ಪೇಶಾವರಕ್ಕೆ ಓಡುತ್ತಿದ್ದ ಈ ರೈಲಿಗೆ 1934ರಲ್ಲಿ ಹವಾನಿಯಂತ್ರಿತ ಡಬ್ಬಿ ಸೇರಿಸಿದರು. ಯಂತ್ರವೇನೂ ಇರಲಿಲ್ಲ. ಡಬ್ಬಿಯ ಅಡಿಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆಗಳು, ಅವುಗಳ ಮೇಲೆ ಹಾದ ಗಾಳಿಯನ್ನು ಒಳಗೆ ನೂಕುವ ಫ್ಯಾನು. ದಾರಿಯ ನಿಲ್ದಾಣಗಳಲ್ಲಿ ಕರಗಿದ ನೀರು ಬಸಿದು ಹೊಸ ಗಡ್ಡೆ ತುಂಬಬೇಕು. ಮತ್ತೆ ಅದೇ ಲಾವಂಚದ ತಟ್ಟಿಯ ಕಥೆ. ಮೇಲೆ ಮಲಗಿದವರು ಬೇರೆ, ಪ್ಲಾಟ್‌ಫಾರಂನಲ್ಲಿ ಗಡ್ಡೆ ಹೊತ್ತವರು ಬೇರೆ. 1996ರಿಂದ ಆ ರೈಲಿನ ಹೆಸರು ಗೋಲ್ಡನ್ ಟೆಂಪಲ್ ಮೇಲ್.

ಈಗ ಪಾದರಸಕ್ಕೆ ಬರೋಣ.

1953ರಲ್ಲಿ ಹನಿವೆಲ್ ಕಂಪನಿ ಗೋಡೆಗೆ ಹಾಕುವ ದುಂಡನೆಯ ಥರ್ಮೋಸ್ಟಾಟ್ ತಂದಿತು. ರೂಪ ಕೊಟ್ಟವರು ಹೆನ್ರಿ ಡ್ರೈಫಸ್ ಎಂಬ ಪ್ರಸಿದ್ಧ ವಿನ್ಯಾಸಕಾರ. ಅಮೆರಿಕದ ಲಕ್ಷಾಂತರ ಮನೆಗಳ ಗೋಡೆ ಏರಿದ ವಸ್ತು. ಒಳಗೆ ಸುರುಳಿ ಸುತ್ತಿದ ಜೋಡಿಲೋಹದ ಪಟ್ಟಿ, ಅದರ ತುದಿಗೆ ಪುಟ್ಟ ಗಾಜಿನ ಕೊಳವೆ, ಕೊಳವೆಯಲ್ಲಿ ಪಾದರಸದ ಹನಿ. ಪಟ್ಟಿ ಬಾಗಿದಂತೆ ಕೊಳವೆ ವಾಲುತ್ತದೆ, ಪಾದರಸ ಒಂದು ಕಡೆಗೆ ಜಾರಿ ಎರಡು ತಂತಿಗಳನ್ನು ಜೋಡಿಸುತ್ತದೆ. ಕಿಡಿ ಹಾರುವುದಿಲ್ಲ, ಸವೆಯುವುದಿಲ್ಲ, ಹತ್ತಾರು ವರ್ಷ ಬಾಳಿಕೆ. ಒಳ್ಳೆಯ ಯಂತ್ರ ಎಂದು ಒಪ್ಪಲೇಬೇಕು. ಆದರೆ ಅಂಥ ಒಂದು ಕೊಳವೆಯಲ್ಲಿ ಸುಮಾರು 3 ಗ್ರಾಂ ಪಾದರಸ. ಹಳೆಯದು ಕಿತ್ತು ಹೊಸದು ಹಾಕಿದಾಗ ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು ಬಹಳ ಕಾಲ ಯಾರೂ ಕೇಳಲಿಲ್ಲ. ಕಸದ ಗುಂಡಿಗೆ, ಅಲ್ಲಿಂದ ಮಣ್ಣಿಗೆ, ನೀರಿಗೆ, ಮೀನಿಗೆ.

ಇದು ಅಮೆರಿಕದ ಗೋಡೆಗಳ ಮಾತು, ನಮಗೇನು ಎನ್ನಬೇಡಿ. ಶಾಖ ಅಳೆಯುವ ಪಾದರಸದ ಋಣ ನಮ್ಮ ದಕ್ಷಿಣದ ಒಂದು ಬೆಟ್ಟದ ಮೇಲೂ ಇದೆ. ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್ ಊರಿನಲ್ಲಿದ್ದ ಜ್ವರ ನೋಡುವ ಥರ್ಮಾಮೀಟರ್ ಕಾರ್ಖಾನೆಯನ್ನು 1980ರ ದಶಕದ ಆರಂಭದಲ್ಲಿ ತಮಿಳುನಾಡಿನ ಕೊಡೈಕೆನಾಲ್‌ಗೆ ಸ್ಥಳಾಂತರಿಸಿದರು. ಆಗ ಅದು ಪಾಂಡ್ಸ್ ಕಂಪನಿಯದು. 1987ರಲ್ಲಿ ಯೂನಿಲಿವರ್ ಆ ಕಂಪನಿಯನ್ನು ಕೊಂಡ ಮೇಲೆ ಹಿಂದೂಸ್ತಾನ್ ಲಿವರ್ ಕೈಗೆ ಬಂತು. ತಂಪು ಹವೆ, ಪಕ್ಕದಲ್ಲೇ ಪಾಂಬಾರ್ ಶೋಲಾ ಕಾಡು. ತಯಾರಾದ ಥರ್ಮಾಮೀಟರ್‌ಗಳು ಹೊರದೇಶಕ್ಕೆ ರಫ್ತು.

ಕೈಯಿಂದ ಗಾಜು ಊದಿ, ಪಾದರಸ ತುಂಬಿ, ಒಡೆದದ್ದನ್ನು ಗುಡಿಸುವ ಕೆಲಸ. ಪಾದರಸ ಕೋಣೆಯ ಶಾಖದಲ್ಲೇ ಆವಿಯಾಗುತ್ತದೆ. ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಂದಿಗೆ ಒಳಹೋಗಿ ನರಗಳನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. 2001ರ ಮಾರ್ಚ್‌ನಲ್ಲಿ ಊರಿನವರು ಮತ್ತು ಗ್ರೀನ್‌ಪೀಸ್ ಕಾರ್ಯಕರ್ತರು ಊರ ನಡುವಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಮೆತ್ತಿದ ಒಡೆದ ಗಾಜಿನ ರಾಶಿಯನ್ನು ಬಯಲಿಗೆಳೆದರು. ಕಾರ್ಖಾನೆ ಬಾಗಿಲು ಹಾಕಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಹಡಗಿನಲ್ಲಿ ತುಂಬಿ ಅಮೆರಿಕಕ್ಕೇ ವಾಪಸ್ ಕಳಿಸಲಾಯಿತು. 1833ರ ‘ಟಸ್ಕನಿ’ ಹಡಗು ತಂಪು ತಂದ ದಾರಿಯಲ್ಲೇ ಈ ವಿಷ ಹಿಂತಿರುಗಿತು ಎನ್ನಬೇಕು.

ಕಾರ್ಮಿಕರು? ತಮ್ಮ ಕಾಯಿಲೆಗಳಿಗೆ ಪಾದರಸವೇ ಕಾರಣ ಎಂದು ಅವರ ವಾದ. ಹಾಗೆಂದು ಸಾಬೀತಾಗಿಲ್ಲ ಎಂದು ಕಂಪನಿಯ ವಾದ. ಕೋರ್ಟು, ಸಮಿತಿ, ಧರಣಿ ಎಂದು ಹದಿನೈದು ವರ್ಷ ಕಳೆದವು. 2015ರಲ್ಲಿ ಚೆನ್ನೈನ ಸೋಫಿಯಾ ಅಶ್ರಫ್ ಹಾಡಿದ ರ‍್ಯಾಪ್ ಹಾಡೊಂದು ಇಂಟರ್‌ನೆಟ್‌ನಲ್ಲಿ ಹಬ್ಬಿ ಊರೂರಿನವರ ಕಿವಿಗೆ ಬಿತ್ತು. ಹಾಡು ನುಡಿಸುವುದೇ ಹೊಟ್ಟೆಪಾಡಾಗಿರುವ ನಾನು ಒಂದು ಮಾತು ಹೇಳಬಹುದು: ಮೂರು ನಿಮಿಷದ ಹಾಡಿಗೆ ಇಷ್ಟು ಕೆಲಸ ಮಾಡಿಸುವ ಶಕ್ತಿಯಿದೆ ಎಂದು ನಾವೇ ಮರೆತಿರುತ್ತೇವೆ. 2016ರ ಮಾರ್ಚ್‌ನಲ್ಲಿ 591 ಮಾಜಿ ಕಾರ್ಮಿಕರು ಮತ್ತು ಅವರ ಕುಟುಂಬದವರೊಂದಿಗೆ ಕಂಪನಿ ರಾಜಿ ಮಾಡಿಕೊಂಡು ಪರಿಹಾರ ಕೊಟ್ಟಿತು. ಕಾರ್ಖಾನೆಯ ಮಣ್ಣನ್ನು ಎಷ್ಟರಮಟ್ಟಿಗೆ ಶುದ್ಧ ಮಾಡಬೇಕೆಂಬ ಜಗಳ ಆಮೇಲೂ ನಡೆಯಿತು. ಒಂದು ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿದರೆ ನಡೆಯುತ್ತದೆ ಎಂಬ ಮಿತಿ ಕಾಡಿನ ಪಕ್ಕದ ಜಾಗಕ್ಕೆ ಸಾಲದು ಎಂಬುದು ಪರಿಸರದವರ ತಕರಾರು.

ಪಾದರಸಕ್ಕೆ ಜಗತ್ತೇ ಮೂಗುದಾರ ಹಾಕಿದ್ದು 2013ರ ಮಿನಮಾಟ ಒಪ್ಪಂದದಿಂದ. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಮಿನಮಾಟ ಜಪಾನಿನ ಒಂದು ಮೀನುಗಾರರ ಊರು, ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸದಿಂದ ನರಳಿದ ಊರು. ನಿಮ್ಮ ಮನೆಯಲ್ಲಿ ಹಳೆಯ ಜ್ವರದ ಕಡ್ಡಿಯಿದ್ದರೆ ಒಡೆಯದಂತೆ ಇಡಿ. ಒಡೆದರೆ ಪೊರಕೆಯಿಂದ ಗುಡಿಸಬೇಡಿ, ಮಕ್ಕಳನ್ನು ದೂರ ಕಳಿಸಿ ಕಿಟಕಿ ತೆರೆಯಿರಿ, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಮಾಡಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

ಇಷ್ಟಾದ ಮೇಲೆ ಅಕ್ಕಿಕಾಳಿಗೆ ಮರಳೋಣ. ಫ್ಯಾರಡೆ ಬರೆದಿಟ್ಟಿದ್ದಕ್ಕೆ ಸುಮಾರು ನೂರು ವರ್ಷದ ನಂತರ ಬೆಲೆ ಬಂತು. 1930ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ಇಂಥ ವಸ್ತುವಿನಿಂದ ವ್ಯಾಪಾರಕ್ಕೆ ಒಗ್ಗುವ ಸೆನ್ಸರ್ ಮಾಡಿದ. ಕಾಲೇಜು ಮೆಟ್ಟಿಲು ಹತ್ತದೆ ಸ್ವಂತ ಓದಿನಿಂದ ಮೇಲೆ ಬಂದವನು. ಎರಡನೇ ಮಹಾಯುದ್ಧದ ಹೊತ್ತಿಗೆ ಪಾದರಸದ ಗುಂಡಿ ಬ್ಯಾಟರಿ ಮಾಡಿದವನೂ ಇವನೇ. ಡ್ಯುರಾಸೆಲ್ ಬೆಳೆದದ್ದು ಆ ಬೇರಿನಿಂದ. ಒಂದು ಕೈಯಲ್ಲಿ ಪಾದರಸ ಹರಡಿ, ಇನ್ನೊಂದು ಕೈಯಲ್ಲಿ ಪಾದರಸವನ್ನು ಗೋಡೆಯಿಂದ ಇಳಿಸುವ ವಸ್ತು ಕೊಟ್ಟ ಹಾಗಾಯಿತು!

ಈ ಸೆನ್ಸರಿಗೆ ಥರ್ಮಿಸ್ಟರ್ ಎಂದು ಹೆಸರು. ಮ್ಯಾಂಗನೀಸ್, ನಿಕಲ್ ಮುಂತಾದ ಲೋಹಗಳ ಆಕ್ಸೈಡನ್ನು ಬೆರೆಸಿ ಮಡಕೆಯಂತೆ ಸುಟ್ಟ ಮಣಿ. ಎ.ಸಿ.ಯಲ್ಲಿ ಸಾಮಾನ್ಯವಾಗಿ ಬಳಸುವ ಒಂದು ಜಾತಿ 25 ಡಿಗ್ರಿಯಲ್ಲಿ 10,000 ಓಮ್ ತಡೆ ಒಡ್ಡುತ್ತದೆ. ಅದಕ್ಕೇ ಮೆಕ್ಯಾನಿಕ್‌ಗಳು ‘ಟೆನ್ ಕೆ’ ಎನ್ನುವುದು. ಬಿಸಿಯಾದರೆ ತಡೆ ಕಡಿಮೆ, ತಣ್ಣಗಾದರೆ ಹೆಚ್ಚು. ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಯಲ್ಲಿ ಅದು ಹೆಚ್ಚುಕಡಿಮೆ ಮೂರುಪಟ್ಟಾಗುತ್ತದೆ. ಯಂತ್ರದ ಬೋರ್ಡಿಗೆ ಕೋಣೆ ಗೊತ್ತಿಲ್ಲ, ಸೆಕೆ ಗೊತ್ತಿಲ್ಲ. ಈ ಓಮ್ ಅಂಕಿಯೊಂದೇ ಗೊತ್ತು.

ಎ.ಸಿ.ಯಲ್ಲಿ ಕನಿಷ್ಠ ಎರಡು ಸೆನ್ಸರ್ ಇರುತ್ತವೆ. ಒಂದು ಕೋಣೆಯ ಗಾಳಿಯ ದಾರಿಯಲ್ಲಿ, ಇನ್ನೊಂದು ತಂಪಾಗುವ ಕಾಯಿಲ್‌ನ ಕೊಳವೆಗೆ ತಾಗಿ. ಎರಡನೆಯದರ ಕೆಲಸ ಕಾಯಿಲ್ ಮೇಲೆ ಮಂಜು ಕಟ್ಟದಂತೆ ನೋಡಿಕೊಳ್ಳುವುದು. ಕಾಯಿಲ್ ವಿಪರೀತ ತಣ್ಣಗಾಗಿದೆ ಎಂದು ಅದು ತಪ್ಪಾಗಿ ಹೇಳಿದರೆ ಹೊರಗಿನ ಕಂಪ್ರೆಸರ್ ಕೆಲವೇ ನಿಮಿಷದಲ್ಲಿ ನಿಂತುಬಿಡುತ್ತದೆ. ಒಳಗಿನ ಫ್ಯಾನು ಓಡುತ್ತಲೇ ಇರುತ್ತದೆ. ಬರುವುದು ಬರೀ ಗಾಳಿ. ಹೊರಗಿನಿಂದ ನೋಡಿದವರಿಗೆ ಥೇಟ್ ಗ್ಯಾಸ್ ಖಾಲಿಯಾದ ಲಕ್ಷಣ. ಇಲ್ಲಿಯೇ ನಿಮ್ಮ ಜೇಬಿಗೆ ಕತ್ತರಿ ಬೀಳುವ ಸಾಧ್ಯತೆ.

ಗ್ಯಾಸ್ ಎಂಬುದು ಸ್ಕೂಟರಿನ ಪೆಟ್ರೋಲಲ್ಲ, ಓಡಿದಷ್ಟು ಖರ್ಚಾಗಲು. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಸೋರುವ ಜಾಗ ಹುಡುಕದೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಇನ್ನು ಸೆನ್ಸರ್ ಬದಲಾಯಿಸುವಾಗಿನ ಒಂದು ಮುಖ್ಯ ಮಾತು. ನೋಡಲು ಎಲ್ಲ ಸೆನ್ಸರ್‌ಗಳೂ ಒಂದೇ, ಅಳತೆ ಬೇರೆ. 5ಕೆ, 10ಕೆ, 15ಕೆ, 20ಕೆ ಎಲ್ಲವೂ ಪೇಟೆಯಲ್ಲಿವೆ. 10ಕೆ ಇದ್ದ ಜಾಗದಲ್ಲಿ 5ಕೆ ಹಾಕಿದಿರಿ ಎನ್ನಿ. ಕೋಣೆ 25 ಡಿಗ್ರಿ ಇದ್ದಾಗ ಬೋರ್ಡಿಗೆ 5,000 ಓಮ್ ಕಾಣುತ್ತದೆ. ಅದರ ಲೆಕ್ಕದಲ್ಲಿ ಅದು ಸುಮಾರು 42 ಡಿಗ್ರಿ! ಕಂಪ್ರೆಸರ್ ನಿಲ್ಲುವುದೇ ಇಲ್ಲ. ನೀವು ಕಂಬಳಿ ಹೊದ್ದು ನಡುಗುತ್ತೀರಿ, ತಿಂಗಳ ಕೊನೆಗೆ ಬಿಲ್ಲು ನೋಡಿ ಇನ್ನೊಮ್ಮೆ ನಡುಗುತ್ತೀರಿ. 15ಕೆ ಹಾಕಿದರೆ ಉಲ್ಟಾ. ಅದೇ 25 ಡಿಗ್ರಿ ಕೋಣೆ ಬೋರ್ಡಿಗೆ ಸುಮಾರು 16 ಡಿಗ್ರಿಯಂತೆ ಕಾಣುತ್ತದೆ. ‘ಇಷ್ಟು ತಂಪಿದೆಯಲ್ಲ’ ಎಂದು ಕಂಪ್ರೆಸರ್ ಶುರುವಾಗುವುದೇ ಇಲ್ಲ. ಎರಡೂ ಕಡೆ ಯಂತ್ರದ ತಪ್ಪಿಲ್ಲ. ಅದು ಹೇಳಿದ್ದನ್ನು ಕೇಳಿದೆ ಅಷ್ಟೆ.

ಈ ಅಂಕಿಗಳ ಹಿಂದೆ ಸರ್ಕಾರವೂ ಇದೆ. 2020ರ ಜನವರಿ 1ರಿಂದ ಭಾರತದಲ್ಲಿ ಸ್ಟಾರ್ ಗುರುತಿನ ಹೊಸ ಎ.ಸಿ.ಗಳು ಆನ್ ಮಾಡಿದ ಕೂಡಲೇ 24 ಡಿಗ್ರಿಗೆ ನಿಲ್ಲಬೇಕೆಂಬ ನಿಯಮ ಬಂತು. ಬೇಕಾದರೆ ನೀವು ಬದಲಿಸಿಕೊಳ್ಳಬಹುದು. 2025ರ ಜೂನ್‌ನಲ್ಲಿ ಕೇಂದ್ರದ ಮಂತ್ರಿಗಳು 20 ಡಿಗ್ರಿಗಿಂತ ಕೆಳಗೆ, 28ಕ್ಕಿಂತ ಮೇಲೆ ಹೋಗದಂತೆ ಯಂತ್ರಕ್ಕೇ ಕಡಿವಾಣ ಹಾಕುವ ಪ್ರಸ್ತಾಪ ಮುಂದಿಟ್ಟರು. ಆ ವಾರ ನಮ್ಮ ಕಾರ್ಯಕ್ರಮಕ್ಕೆ ಬಂದ ಸಂದೇಶಗಳಲ್ಲಿ ಅರ್ಧ ಪಾಲು ‘ಗಂಡ 18 ಅನ್ನುತ್ತಾರೆ, ನಾನು 26 ಅನ್ನುತ್ತೇನೆ, ಸರ್ಕಾರ ನನ್ನ ಕಡೆ’ ಎಂಬ ಅರ್ಥದವು.

ಕಂಪನಿಗಳ ಕೈಯೂ ಗೋಡೆಯವರೆಗೆ ಚಾಚಿದೆ. 2011ರಲ್ಲಿ ಅಮೆರಿಕದಲ್ಲಿ ನೆಸ್ಟ್ ಎಂಬ ಚತುರ ಥರ್ಮೋಸ್ಟಾಟ್ ಬಂತು. ಮನೆಯವರ ರೂಢಿ ನೋಡಿ ತಾನೇ ಕಲಿಯುತ್ತದೆ, ಫೋನಿನಿಂದ ನಡೆಸಬಹುದು. 2014ರಲ್ಲಿ ಗೂಗಲ್ ಆ ಕಂಪನಿಯನ್ನು 3.2 ಶತಕೋಟಿ ಡಾಲರ್‌ಗೆ ಕೊಂಡಿತು. 2025ರ ಅಕ್ಟೋಬರ್‌ನಲ್ಲಿ ಮೊದಲ ಎರಡು ತಲೆಮಾರಿನ ನೆಸ್ಟ್‌ಗಳಿಗೆ ಇಂಟರ್‌ನೆಟ್ ಸಂಪರ್ಕ ನಿಲ್ಲಿಸಲಾಯಿತು. ಗೋಡೆಯ ಮೇಲೆ ಕೈಯಿಂದ ತಿರುಗಿಸಿದರೆ ಕೆಲಸ ಮಾಡುತ್ತದೆ, ಫೋನಿಗೆ ಓಗೊಡುವುದಿಲ್ಲ. ಸೆನ್ಸರ್ ಕೆಟ್ಟಿಲ್ಲ, ತಂತಿ ತುಂಡಾಗಿಲ್ಲ. ದುಂಡಗಿನ ಹಳೆಯ ಪಾದರಸದ ಥರ್ಮೋಸ್ಟಾಟ್ ನಲವತ್ತು ವರ್ಷ ನಡೆದರೆ ಇದರ ಜಾಣತನ ಹದಿನಾಲ್ಕಕ್ಕೇ ಮುಗಿಯಿತು. ಇದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ಮನೆಯ ಅಕ್ಕಿಕಾಳಿಗೆ ಅಂಥ ಭಯವಿಲ್ಲ. ಕೆಟ್ಟರೆ ತೇವ ಹೊಕ್ಕು ಕೆಡುತ್ತದೆ, ಇಲ್ಲವೇ ಇಲಿ ತಂತಿ ಕಡಿಯುತ್ತದೆ. ಕೆಲವೊಮ್ಮೆ ಕೆಟ್ಟೇ ಇರುವುದಿಲ್ಲ, ತನ್ನ ಗೂಡಿನಿಂದ ಜಾರಿ ಕಾಯಿಲ್ ಮೇಲೆ ಒರಗಿರುತ್ತದೆ. ಪರೀಕ್ಷೆ ಐದು ನಿಮಿಷದ ಕೆಲಸ. ಮೊದಲು ಎ.ಸಿ. ಆಫ್ ಮಾಡಿ, ಪ್ಲಗ್ ತೆಗೆದು, ಮೆಕ್ಯಾನಿಕ್ ಕೈಯಿಂದಲೇ ಸೆನ್ಸರ್ ಬಿಡಿಸಿ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಎರಡು ತಂತಿಗೆ ಹಿಡಿಯಲಿ. ಅಂಗೈಯಲ್ಲಿ ಬಿಗಿ ಹಿಡಿದರೆ ಅಂಕಿ ನಿಧಾನಕ್ಕೆ ಇಳಿಯಬೇಕು. ಐಸ್ ನೀರಿನ ಲೋಟದಲ್ಲಿಟ್ಟರೆ ಏರಬೇಕು. ಅಂಕಿ ಅಲುಗಾಡದಿದ್ದರೆ, ಅಥವಾ ಮೀಟರ್ ಏನನ್ನೂ ತೋರದಿದ್ದರೆ ಅದು ಸತ್ತಿದೆ. ಹೊಸದಕ್ಕೆ ಯಂತ್ರದ ಮಾಡೆಲ್ ನಂಬರ್ ಹೇಳಿ, ಅದೇ ‘ಕೆ’ ಕೇಳಿ ತನ್ನಿ. ಇದೆಲ್ಲ ಆದ ಮೇಲೂ ತಂಪು ಬರದಿದ್ದರೆ ಆಗ ಗ್ಯಾಸಿನ ಮಾತಾಡಲಿ, ಸೋರುವ ಜಾಗ ತೋರಿಸಿಯೇ ಮಾತಾಡಲಿ.